ಯಾರ ಗಡಿಯಾರದಲ್ಲಿ ಕಾಯುವುದು?

ಕಾಯುವುದಕ್ಕೂ ಸುಮ್ಮನಿರುವುದಕ್ಕೂ ವ್ಯತ್ಯಾಸವಿದೆ ಎಂಬುದು ಒಲೆಯ ಮುಂದೆ ನಿಂತವರಿಗೆಲ್ಲ ಗೊತ್ತು. ಹಾಲು ಉಕ್ಕುವುದನ್ನು ಕಾಯುವವರು ಗಡಿಯಾರ ನೋಡುವುದಿಲ್ಲ, ಹಾಲನ್ನು ನೋಡುತ್ತಾರೆ. ಅವರ ಸಮಯವನ್ನು ಅಳೆಯುತ್ತಿರುವುದು ಹಾಲು. ಅದೇ ಮನುಷ್ಯರು ಇನ್ನೊಬ್ಬ ಮನುಷ್ಯನಿಗಾಗಿ ಕಾಯುವಾಗ ಮಾತ್ರ ಲೆಕ್ಕ ಬದಲಾಗುತ್ತದೆ. 'ಇಷ್ಟು ಹೊತ್ತು ಕಾದೆನಲ್ಲ, ಸಾಕು' ಎನ್ನುವಾಗ ಆ 'ಇಷ್ಟು' ಎನ್ನುವುದನ್ನು ಅಳೆದದ್ದು ಯಾರ ಗಡಿಯಾರ? ವೇಗವಾಗಿರುವವರು ನಿಧಾನವಾಗಿರುವವರಿಗೆ ಕಾಯಬೇಕಾಗಿ ಬಂದಾಗ ಆ ಕಾಯುವಿಕೆಯ ಅಳತೆ ಯಾರ ಕೈಯಲ್ಲಿರಬೇಕು? ಈ ಪ್ರಶ್ನೆ ನನಗೆ ಎದುರಾದದ್ದು ಒಂದು ವಿಚಿತ್ರ ಜಾಗದಲ್ಲಿ. ನಾನು ಹುಟ್ಟುವುದಕ್ಕೂ ಮೊದಲೇ ಬಂದು ಹೋದ ಒಂದು ಸೌಂಡ್ ಕಾರ್ಡಿಗಾಗಿ ಬರೆದ, ಹತ್ತಿಪ್ಪತ್ತು ಸಾಲಿನ ಅಸೆಂಬ್ಲಿ ಕೋಡಿನಲ್ಲಿ.

ಮೊದಲು ಆ ಕಾರ್ಡಿನ ಕಥೆ. 1980ರ ದಶಕದ ಪಿಸಿಗೆ ಇದ್ದದ್ದು ಬೀಪ್ ಎನ್ನುವ ಸಣ್ಣ ಸ್ಪೀಕರ್ ಮಾತ್ರ. 1987ರಲ್ಲಿ ಕೆನಡಾದ ಕ್ವಿಬೆಕ್ ನಗರದ ಆಡ್‌ಲಿಬ್ ಎಂಬ ಕಂಪನಿ ಪಿಸಿಯೊಳಗೆ ಸಿಕ್ಕಿಸಬಹುದಾದ ಒಂದು ಸಂಗೀತದ ಕಾರ್ಡನ್ನು ಮಾರುಕಟ್ಟೆಗೆ ತಂದಿತು. ಕಂಪನಿಯ ಸ್ಥಾಪಕ ಮಾರ್ಟಿನ್ ಪ್ರೆವೆಲ್ ಅದಕ್ಕೂ ಮೊದಲು ಲವಾಲ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಪ್ರಾಧ್ಯಾಪಕರಾಗಿದ್ದವರು. ಕಾರ್ಡಿನ ಹೃದಯ ಎನ್ನಬಹುದಾದದ್ದು ಯಮಾಹಾ ತಯಾರಿಸಿದ ವೈಎಂ3812 ಎಂಬ ಒಂದು ಚಿಪ್. 1988ರಲ್ಲಿ ಸಿಯೆರಾ ಕಂಪನಿಯ 'ಕಿಂಗ್ಸ್ ಕ್ವೆಸ್ಟ್ 4' ಆಟ ಈ ಕಾರ್ಡಿನ ಮೂಲಕ ಹಾಡಿತು. ಮರುವರ್ಷ ಸಿಂಗಪುರದ ಕ್ರಿಯೇಟಿವ್ ಕಂಪನಿ ಅದೇ ಚಿಪ್ಪನ್ನು ತನ್ನ ಸೌಂಡ್ ಬ್ಲಾಸ್ಟರಿನಲ್ಲಿ ಸೇರಿಸಿಕೊಂಡು, ಅದರ ಜೊತೆಗೆ ದಾಖಲಿಸಿದ ಧ್ವನಿಯನ್ನೂ ನುಡಿಸುವ ವ್ಯವಸ್ಥೆ ಕೊಟ್ಟಿತು. 1992ರಲ್ಲಿ ಆಡ್‌ಲಿಬ್ ದಿವಾಳಿಯಾಯಿತು. ಚಿಪ್ ಉಳಿಯಿತು. ಆ ಕಾಲದ ಸಾವಿರಾರು ಆಟಗಳ ಸಂಗೀತ ಈ ಒಂದು ಚಿಪ್ಪಿನ ಭಾಷೆಯಲ್ಲಿ ಬರೆಯಲ್ಪಟ್ಟಿತು.

ಚಿಪ್ ಸ್ವರ ಹುಟ್ಟಿಸುವ ಬಗೆ ಸರಳ ಮತ್ತು ಆಶ್ಚರ್ಯಕರ. ವೀಣೆಯ ತಂತಿಯನ್ನು ಎಳೆದು ಸ್ವರವನ್ನು ಸೆಕೆಂಡಿಗೆ ಐದಾರು ಸಲ ಅಲುಗಿಸಿದರೆ ಕಿವಿಗೆ ಅದು ಕಂಪನವಾಗಿ ಕೇಳುತ್ತದೆ. ಅದೇ ಅಲುಗಾಟವನ್ನು ಸೆಕೆಂಡಿಗೆ ನೂರಾರು ಸಲಕ್ಕೆ ಏರಿಸಿದರೆ? ಆಗ ಕಿವಿ ಅಲುಗಾಟವನ್ನು ಕೇಳುವುದಿಲ್ಲ, ಬೇರೊಂದು ವಾದ್ಯವನ್ನೇ ಕೇಳುತ್ತದೆ. 1967ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಜಾನ್ ಚೌನಿಂಗ್ ಕಂಡುಕೊಂಡದ್ದು ಇದನ್ನೇ. ಒಂದು ಅಲೆ ಇನ್ನೊಂದು ಅಲೆಯನ್ನು ಅಲುಗಿಸುತ್ತದೆ, ಅಷ್ಟರಿಂದಲೇ ಗಂಟೆ, ಕೊಳಲು, ತಮಟೆಗಳನ್ನು ಹೋಲುವ ನಾದಗಳು ಹುಟ್ಟುತ್ತವೆ. ಅದರ ಹಕ್ಕನ್ನು ಪಡೆದ ಯಮಾಹಾ ಮೊದಲು ದೊಡ್ಡ ಕೀಬೋರ್ಡುಗಳಲ್ಲಿ, ಆಮೇಲೆ ಈ ಅಗ್ಗದ ಚಿಪ್ಪಿನಲ್ಲಿ ಅದನ್ನು ಇಟ್ಟಿತು.

ವೈಎಂ3812ರಲ್ಲಿ ಇಂಥ 18 ಅಲೆಗಳಿವೆ. ಎರಡೆರಡು ಸೇರಿ ಒಂಬತ್ತು ದನಿಗಳು. ಆದರೆ 18 ಅಲೆಗಳಿಗೆ 18 ಬೇರೆ ಬೇರೆ ಯಂತ್ರಗಳು ಒಳಗಿಲ್ಲ. ಒಂದೇ ಲೆಕ್ಕದ ಯಂತ್ರ ಸರದಿಯ ಮೇಲೆ ಎಲ್ಲರನ್ನೂ ನೋಡಿಕೊಳ್ಳುತ್ತದೆ. ಒಂದನೆಯದರ ಲೆಕ್ಕ ಮುಗಿಸಿ ಎರಡನೆಯದು, ಹೀಗೆ ಹದಿನೆಂಟನೆಯದರ ತನಕ, ಮತ್ತೆ ಒಂದನೆಯದು. ಅದರ ಗಡಿಯಾರ ಸೆಕೆಂಡಿಗೆ ಸುಮಾರು 35.8 ಲಕ್ಷ ಸಲ ಮಿಡಿಯುತ್ತದೆ. ಒಂದು ಪೂರ್ತಿ ಸುತ್ತಿಗೆ 72 ಮಿಡಿತ. ಅಂದರೆ ಸೆಕೆಂಡಿಗೆ 49,716 ಸುತ್ತು, ಒಟ್ಟು ಸುಮಾರು ಒಂಬತ್ತು ಲಕ್ಷ ಲೆಕ್ಕ. ಗುಣಾಕಾರದ ಯಂತ್ರ ದುಬಾರಿಯಾದ್ದರಿಂದ ಅದನ್ನೂ ಇಟ್ಟಿಲ್ಲ. ಲಾಗರಿದಮ್ ಕೋಷ್ಟಕ ನೋಡಿ ಕೂಡುವ ಮೂಲಕ ಗುಣಿಸುತ್ತದೆ, ನಮ್ಮ ಅಪ್ಪ ಅಮ್ಮಂದಿರು ಪಿಯುಸಿಯಲ್ಲಿ ಲಾಗ್ ಟೇಬಲ್ ಹಿಡಿದು ಮಾಡಿದ ಹಾಗೆ.

ಇಷ್ಟು ವಿವರ ಹೇಳುವುದಕ್ಕೆ ಕಾರಣವಿದೆ. ಈ ಚಿಪ್‌ಗೆ ಏನಾದರೂ ಹೇಳಬೇಕೆಂದರೆ ಪಿಸಿಗೆ ಇರುವುದು ಎರಡು ಕಿಂಡಿಗಳು. ಹದಿನಾರರ ಎಣಿಕೆಯಲ್ಲಿ ಅವುಗಳ ವಿಳಾಸ 388 ಮತ್ತು 389. ಮೊದಲ ಕಿಂಡಿಯಲ್ಲಿ 'ನಾನು ಇಂಥ ರಿಜಿಸ್ಟರಿನ ಬಗ್ಗೆ ಮಾತಾಡುತ್ತೇನೆ' ಎಂದು ಅದರ ಸಂಖ್ಯೆ ಹಾಕಬೇಕು. ಎರಡನೆಯದರಲ್ಲಿ ಬೆಲೆ ಹಾಕಬೇಕು. ನಡುವೆ ಕಾಯಬೇಕು. ಸಂಖ್ಯೆ ಹಾಕಿದ ಮೇಲೆ 12 ಮಿಡಿತ, ಅಂದರೆ 3.3 ಮೈಕ್ರೋಸೆಕೆಂಡ್. ಬೆಲೆ ಹಾಕಿದ ಮೇಲೆ 84 ಮಿಡಿತ, ಅಂದರೆ ಸುಮಾರು 23 ಮೈಕ್ರೋಸೆಕೆಂಡ್. ಒಂದು ಸುತ್ತಿಗೆ 72 ಮಿಡಿತ ಎಂದೆನಲ್ಲ, 84 ಅದಕ್ಕಿಂತ ತುಸು ಹೆಚ್ಚು. ಹೊಸದಾಗಿ ಬಂದ ಮಾತು ತನ್ನ ಸರದಿ ಬರುವ ತನಕ ಬಾಗಿಲಲ್ಲಿ ನಿಂತಿರಬೇಕು. ಚಿಪ್ಪಿನ ನಿಧಾನ ಸೋಮಾರಿತನವಲ್ಲ. ಹದಿನೆಂಟು ಜನರನ್ನು ಒಬ್ಬಳೇ ನೋಡಿಕೊಳ್ಳುತ್ತಿರುವವಳಿಗೆ ಹೊಸ ಅತಿಥಿಗೆ ನೀರು ಕೊಡಲು ಹಿಡಿಯುವಷ್ಟೇ ಹೊತ್ತು ಅದು.

ಆದರೆ ಈ ಚಿಪ್ 'ಸ್ವಲ್ಪ ತಾಳಿ' ಎಂದು ಹೇಳಲಾರದು. ಯಮಾಹಾದ್ದೇ ಬೇರೆ ಕೆಲವು ಚಿಪ್ಪುಗಳಲ್ಲಿ 'ನಾನು ಕೆಲಸದಲ್ಲಿದ್ದೇನೆ' ಎಂದು ತೋರಿಸುವ ಒಂದು ಬಿಟ್ ಇರುತ್ತದೆ. ಇದರಲ್ಲಿ ಅದಿಲ್ಲ. ಕೊಟ್ಟ ಬೆಲೆಯನ್ನು ತಿರುಗಿ ಓದುವ ದಾರಿಯೂ ಇಲ್ಲ. ರಿಜಿಸ್ಟರುಗಳಿಗೆ ಬರೆಯಬಹುದು, ಅಷ್ಟೆ. ಓದಲು ಸಿಗುವುದು ಸ್ಥಿತಿ ಹೇಳುವ ಒಂದೇ ಒಂದು ಬೈಟ್, ಅದು ಹೇಳುವುದು ಒಳಗಿನ ಎರಡು ಟೈಮರುಗಳ ಬಗ್ಗೆ ಮಾತ್ರ. ನೀವು ಕಾಯದೆ ಎರಡನೆಯ ಮಾತು ಹೇಳಿದಿರಿ ಎಂದಿಟ್ಟುಕೊಳ್ಳಿ. ಎರರ್ ಬರುವುದಿಲ್ಲ, ಯಂತ್ರ ನಿಲ್ಲುವುದಿಲ್ಲ. ಒಂದು ಸ್ವರ ಬಿಟ್ಟುಹೋಗುತ್ತದೆ, ಅಥವಾ ಕೊಳಲು ಇರಬೇಕಾದಲ್ಲಿ ತಗಡು ಬಡಿದ ಸದ್ದು ಬರುತ್ತದೆ. ಕೇಳುವವರು 'ಕಾರ್ಡೇ ಸರಿಯಿಲ್ಲ' ಎನ್ನುತ್ತಾರೆ. ತಪ್ಪು ಕಾಯದವನದು, ಹೆಸರು ಕೆಡುವುದು ಕಾಯಿಸಿಕೊಳ್ಳಬೇಕಾಗಿದ್ದವನದು.

ಕಾರ್ಡ್ ಇದೆಯೋ ಇಲ್ಲವೋ ಎಂದು ತಿಳಿಯುವುದಕ್ಕೂ ಕಾಯಲೇಬೇಕು. ಪ್ರೋಗ್ರಾಮ್ ಚಿಪ್ಪಿನ ಒಂದು ಟೈಮರನ್ನು ಓಡಲು ಬಿಟ್ಟು, ಕನಿಷ್ಠ 80 ಮೈಕ್ರೋಸೆಕೆಂಡ್ ತಡೆದು, ಸ್ಥಿತಿಯ ಬೈಟ್ ನೋಡುತ್ತದೆ. ಟೈಮರ್ ಮುಗಿದ ಗುರುತು ಕಂಡರೆ ಅಲ್ಲಿ ಯಾರೋ ಇದ್ದಾರೆ. ಅವಸರದಲ್ಲಿ ನೋಡಿದರೆ ಗುರುತು ಇನ್ನೂ ಬಂದಿರುವುದಿಲ್ಲ. ಆಗ ಪ್ರೋಗ್ರಾಮ್ 'ಇಲ್ಲಿ ಯಾರೂ ಇಲ್ಲ' ಎಂದು ತೀರ್ಮಾನಿಸಿ ಮುಂದೆ ಹೋಗುತ್ತದೆ. ಕಾರ್ಡ್ ತನ್ನ ಜಾಗದಲ್ಲೇ ಕೂತಿರುತ್ತದೆ.

ಹಾಗಾದರೆ ಪ್ರೋಗ್ರಾಮ್ ಬರೆಯುವವರು ಕಾಯುವುದು ಹೇಗೆ? ಎರಡು ದಾರಿಗಳಿದ್ದವು. ನನ್ನ ಪ್ರಶ್ನೆ ಇರುವುದು ಈ ಎರಡರ ನಡುವಿನ ಅಂತರದಲ್ಲಿ.

ಮೊದಲ ದಾರಿ ಎಣಿಸುವುದು. ಪ್ರೊಸೆಸರ್ ಏನೂ ಮಾಡದ ಒಂದು ಲೂಪನ್ನು ಇಷ್ಟು ಸಲ ಸುತ್ತಲಿ, ಅಷ್ಟರಲ್ಲಿ 23 ಮೈಕ್ರೋಸೆಕೆಂಡ್ ಆಗಿರುತ್ತದೆ. ಕಣ್ಣಾಮುಚ್ಚಾಲೆಯಲ್ಲಿ ಮುಖ ಮುಚ್ಚಿಕೊಂಡು ಐವತ್ತರ ತನಕ ಎಣಿಸುವ ಹಾಗೆ. ಮೊದಲ ಐಬಿಎಂ ಪಿಸಿಯ ಪ್ರೊಸೆಸರ್ ಸೆಕೆಂಡಿಗೆ 47.7 ಲಕ್ಷ ಸಲ ಮಿಡಿಯುತ್ತಿತ್ತು. 23 ಮೈಕ್ರೋಸೆಕೆಂಡಿನಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಸುಮಾರು 110 ಮಿಡಿತ. ಚಿಪ್ಪೂ ಪ್ರೊಸೆಸರೂ ಹೆಚ್ಚುಕಡಿಮೆ ಒಂದೇ ನಡಿಗೆಯವರು. ಕೆಲವೇ ವರ್ಷಗಳಲ್ಲಿ 66 ಮೆಗಾಹರ್ಟ್ಸ್ ಪ್ರೊಸೆಸರುಗಳು ಬಂದವು. ಅದೇ 23 ಮೈಕ್ರೋಸೆಕೆಂಡಿನಲ್ಲಿ ಈಗ 1,500 ಮಿಡಿತ. ಕೋಡಿನಲ್ಲಿ ಬರೆದ ಎಣಿಕೆ ಅಷ್ಟೇ ಇದೆ, ಒಂದು ಅಕ್ಷರವೂ ಬದಲಾಗಿಲ್ಲ. ಆದರೆ ಎಣಿಸುವವನು ವೇಗವಾದ್ದರಿಂದ ಐವತ್ತು ಎಣಿಸಿ ಮುಗಿಯುವ ಹೊತ್ತಿಗೆ ಆಚೆಯವರಿಗೆ ಅಡಗುವ ಜಾಗವೂ ಸಿಕ್ಕಿಲ್ಲ.

ಎರಡನೆಯ ದಾರಿ ಮೊದಲ ನೋಟಕ್ಕೆ ಹುಚ್ಚಾಟದಂತೆ ಕಾಣುತ್ತದೆ. ಸಂಖ್ಯೆ ಹಾಕಿದ ಮೇಲೆ ಸ್ಥಿತಿಯ ಬೈಟನ್ನು 6 ಸಲ ಓದುವುದು, ಬೆಲೆ ಹಾಕಿದ ಮೇಲೆ 35 ಸಲ ಓದುವುದು. ಓದಿದ್ದನ್ನು ಯಾವುದಕ್ಕೂ ಬಳಸುವುದಿಲ್ಲ, ಪ್ರತಿ ಸಲವೂ ಎಸೆಯುವುದು. ಆ ಕಾಲದ ಪ್ರೋಗ್ರಾಮರುಗಳ ನಡುವೆ ಕೈಯಿಂದ ಕೈಗೆ ಹೋದ ಟಿಪ್ಪಣಿಗಳಲ್ಲಿ ಇದೇ ಹೆಚ್ಚು ನಂಬಿಕೆಯ ವಿಧಾನ ಎಂದಿತ್ತು. ಕಾರಣ ಇಷ್ಟೆ. ಪ್ರೊಸೆಸರ್ ಎಷ್ಟೇ ವೇಗವಾಗಿರಲಿ, ಓದಬೇಕೆಂದರೆ ಅದು ತನ್ನ ಮನೆಯಿಂದ ಹೊರಗೆ ಬಂದು ಕಾರ್ಡುಗಳೆಲ್ಲ ಕೂತಿರುವ ದಾರಿಯಲ್ಲಿ ನಡೆದು ಹೋಗಿ ಮರಳಬೇಕು. ಆ ದಾರಿಗೆ ಐಎಸ್ಎ ಬಸ್ ಎಂದು ಹೆಸರು, ಅದರ ವೇಗ ಸುಮಾರು 8 ಮೆಗಾಹರ್ಟ್ಸ್. ಅದರ ಮೇಲಿನ ಎಲ್ಲರೂ ಒಪ್ಪಿಕೊಂಡ ವೇಗ ಅದು. ಒಂದು ಸಲ ಹೋಗಿ ಬರಲು ಮುಕ್ಕಾಲು ಮೈಕ್ರೋಸೆಕೆಂಡಿನ ಆಸುಪಾಸು. 35 ಸಲ ಹೋಗಿ ಬಂದರೆ 23 ಮೈಕ್ರೋಸೆಕೆಂಡ್ ಕಳೆದಿರುತ್ತದೆ. ಪ್ರೊಸೆಸರ್ 16 ಮೆಗಾಹರ್ಟ್ಸ್ ಇರಲಿ, 66 ಇರಲಿ, ದಾರಿ ಅದೇ.

ಎರಡೂ ಕಡೆ ಪ್ರೋಗ್ರಾಮರಿನ ಉದ್ದೇಶ ಒಳ್ಳೆಯದೇ. ಇಬ್ಬರೂ ಕಾಯಲು ಒಪ್ಪಿದವರು. ವ್ಯತ್ಯಾಸ ಮನಸ್ಸಿನಲ್ಲಿಲ್ಲ, ಅಳತೆಗೋಲಿನಲ್ಲಿದೆ. ಮೊದಲನೆಯವರು ತಾಳ್ಮೆಯನ್ನು ತಮ್ಮದೇ ಹೆಜ್ಜೆಗಳಲ್ಲಿ ಅಳೆದರು. ಹಾಗೆ ಅಳೆದ ತಾಳ್ಮೆ ನಾವು ಬಲಿಷ್ಠರಾದಂತೆಲ್ಲ, ನಮಗೇ ತಿಳಿಯದಂತೆ, ಗಿಡ್ಡವಾಗುತ್ತಾ ಹೋಗುತ್ತದೆ. ಎಣಿಸುವವರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ, ಏಕೆಂದರೆ ಎಣಿಕೆ ಪ್ರತಿ ಸಲವೂ ಪೂರ್ತಿಯಾಗುತ್ತಿದೆ. ಎರಡನೆಯವರು ಅಳತೆಯನ್ನು ತಮ್ಮಿಂದ ಹೊರಗೆ, ತಾವೂ ಆ ಇನ್ನೊಬ್ಬರೂ ಹಂಚಿಕೊಂಡ ದಾರಿಯಲ್ಲಿ ಇಟ್ಟರು.

ಫ್ರಾನ್ಸಿನ ಚಿಂತಕಿ ಸಿಮೋನ್ ವೇಯ್ ಶಾಲಾ ಅಧ್ಯಯನದ ಬಗ್ಗೆ 1942ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಗಮನ ಮತ್ತು ಸ್ನಾಯುಬಲವನ್ನು ಬೇರ್ಪಡಿಸುತ್ತಾರೆ. 'ಗಮನ ಕೊಡಿ' ಎಂದಾಗ ಮಕ್ಕಳು ಹುಬ್ಬು ಗಂಟಿಕ್ಕಿ ಉಸಿರು ಬಿಗಿಹಿಡಿಯುತ್ತಾರೆ, ಆದರೆ ಅವರು ಗಮನಿಸುತ್ತಿರುವುದು ಏನನ್ನೂ ಅಲ್ಲ, ತಮ್ಮ ಶ್ರಮವನ್ನು ಮಾತ್ರ ಎನ್ನುವುದು ಅವರ ಮಾತಿನ ಸಾರ. ನಿಜವಾದ ಗಮನ ಎಂದರೆ ನಮ್ಮ ಆಲೋಚನೆಯನ್ನು ತಡೆಹಿಡಿದು ಆಚೆಯದಕ್ಕೆ ಜಾಗ ಬಿಡುವುದು. ಲೂಪ್ ಎಣಿಸುವುದು ಹುಬ್ಬು ಗಂಟಿಕ್ಕುವ ಜಾತಿಯದು. ಕಷ್ಟಪಟ್ಟೆ ಎಂಬ ತೃಪ್ತಿ ಇದೆ, ಆಚೆಯವರ ಸುಳಿವಿಲ್ಲ.

ಹಾಗಾದರೆ ನನ್ನ ವೇಗವನ್ನು ನಾನೇ ಅಳೆದುಕೊಂಡು ಅದಕ್ಕೆ ತಕ್ಕಂತೆ ಎಣಿಕೆ ಹೆಚ್ಚಿಸಿಕೊಂಡರೆ ಸಾಲದೇ ಎಂದು ಕೇಳಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಬೋರ್ಲೆಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ಅನೇಕ ಪ್ರೋಗ್ರಾಮುಗಳು ಶುರುವಾಗುತ್ತಲೇ ಒಂದು ಸ್ವಪರೀಕ್ಷೆ ಮಾಡಿಕೊಳ್ಳುತ್ತಿದ್ದವು. ಪಿಸಿಯ ಗಡಿಯಾರ ಒಂದು ಸಲ ಟಿಕ್ ಎನ್ನುವ 55 ಮಿಲಿಸೆಕೆಂಡಿನಲ್ಲಿ ತಾನು ಎಷ್ಟು ಸಲ ಸುತ್ತಬಲ್ಲೆ ಎಂದು ಎಣಿಸಿ, ಅದನ್ನು 55ರಿಂದ ಭಾಗಿಸಿ, ಬಂದ ಉತ್ತರವನ್ನು 16 ಬಿಟ್‌ಗಳಲ್ಲಿ ಇಟ್ಟುಕೊಳ್ಳುತ್ತಿದ್ದವು. 1990ರ ದಶಕದ ಕೊನೆಯ ಹೊತ್ತಿಗೆ ಪ್ರೊಸೆಸರುಗಳು ಎಷ್ಟು ವೇಗವಾದವೆಂದರೆ ಉತ್ತರ ಆ 16 ಬಿಟ್‌ಗಳಲ್ಲಿ ಹಿಡಿಸದಾಯಿತು. ಪ್ರೋಗ್ರಾಮ್ 'ರನ್‌ಟೈಮ್ ಎರರ್ 200' ಎಂದು ಹೇಳಿ ತೆರೆಯುವ ಮೊದಲೇ ಮುಚ್ಚಿಕೊಳ್ಳುತ್ತಿತ್ತು, ಮುಂದೆ ಎಲ್ಲೂ ಅದು ಕಾಯಬೇಕಾಗಿರದಿದ್ದರೂ. ತನ್ನ ಬಲವನ್ನು ತಾನೇ ಅಳೆಯಲು ಹೊರಟವರು ಆ ಬಲ ಎಷ್ಟಾಗಬಹುದು ಎಂದು ಊಹಿಸಿರಲಿಲ್ಲ. ಆತ್ಮಾವಲೋಕನ ಒಳ್ಳೆಯದು, ಆದರೆ ಅದರ ಪಾತ್ರೆಯೂ ನಮ್ಮದೇ ಅಳತೆಯದು.

ಇಲ್ಲೊಂದು ಆಕ್ಷೇಪ ನ್ಯಾಯವಾದದ್ದು. ಚಿಪ್‌ಗೆ ನೋವಾಗುವುದಿಲ್ಲ, ಅವಮಾನವಾಗುವುದಿಲ್ಲ. ಅದಕ್ಕೆ ಕಾಯುವುದರಲ್ಲಿ ನೀತಿಯ ಪ್ರಶ್ನೆ ಎಲ್ಲಿ ಬಂತು? ಒಪ್ಪುತ್ತೇನೆ. ಪ್ರೋಗ್ರಾಮರಿನ ಹೊಣೆ ಇರುವುದು ಆ ಸ್ವರಗಳನ್ನು ಬರೆದ ಸಂಗೀತಗಾರರಿಗೆ, ಅವನ್ನು ಕೇಳುವವರಿಗೆ. ಸಿಲಿಕಾನ್ ತುಣುಕಿಗೆ ಯಾವ ಋಣವೂ ಇಲ್ಲ. ಆದರೆ ನೋವಿನ ಮಾತು ಇಲ್ಲದಿರುವುದರಿಂದಲೇ ಇದು ಒಳ್ಳೆಯ ಉದಾಹರಣೆ. ಮರುಕ, ಪ್ರೀತಿ, ಪಶ್ಚಾತ್ತಾಪಗಳೆಲ್ಲ ಪಕ್ಕಕ್ಕೆ ಸರಿದ ಮೇಲೂ ಕಾಯುವಿಕೆಯಲ್ಲಿ ಸರಿ ತಪ್ಪು ಉಳಿಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಸ್ವರ ಬಂತೋ ಇಲ್ಲವೋ ಎಂಬಷ್ಟು ಸ್ಪಷ್ಟವಾಗಿ.

ಕಾಯುವುದು ಪುಕ್ಕಟೆಯೂ ಅಲ್ಲ. ಒಂದು ದನಿಗೆ ವಾದ್ಯವನ್ನು ಸಿದ್ಧಪಡಿಸಿ ಸ್ವರ ಎತ್ತಲು ಸುಮಾರು 13 ಸಲ ಬರೆಯಬೇಕು. ಒಂಬತ್ತು ದನಿಗೆ 117 ಸಲ. ಪ್ರತಿಯೊಂದಕ್ಕೂ 27 ಮೈಕ್ರೋಸೆಕೆಂಡ್ ಎಂದರೆ ಮೂರು ಮಿಲಿಸೆಕೆಂಡಿಗೂ ಹೆಚ್ಚು. ಸೆಕೆಂಡಿಗೆ 70 ಸಲ ಬದಲಾಗುವ ಪರದೆಯ ಆಟದಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯವೇ 14 ಮಿಲಿಸೆಕೆಂಡ್. ಐದನೇ ಒಂದು ಭಾಗ ಬರೀ ಕಾಯುವುದಕ್ಕೆ ಹೋಯಿತು. ಜಾಣ ಪ್ರೋಗ್ರಾಮರುಗಳು ಇದಕ್ಕೆ ಕಂಡುಕೊಂಡ ಉಪಾಯ ಕಡಿಮೆ ಕಾಯುವುದಲ್ಲ, ಹೆಚ್ಚು ನೆನಪಿಡುವುದು. ಚಿಪ್‌ಗೆ ಹೇಳಿದ್ದನ್ನೆಲ್ಲ ತಮ್ಮ ಬಳಿ ಒಂದು ಪ್ರತಿಯಲ್ಲಿ ಬರೆದಿಟ್ಟುಕೊಂಡರು. ಈಗಾಗಲೇ ಹೇಳಿದ್ದನ್ನು ಮತ್ತೆ ಹೇಳಬೇಕಿಲ್ಲ. ನೆನಪಿಡದಿದ್ದರೆ ಬೇರೆ ಅಪಾಯವೂ ಇತ್ತು. 'ಸ್ವರ ನಿಲ್ಲಿಸು' ಎನ್ನುವ ಬಿಟ್ ಇರುವ ರಿಜಿಸ್ಟರಿನಲ್ಲೇ ಸ್ಥಾಯಿಯ ಮೂರು ಬಿಟ್‌ಗಳೂ ಇವೆ. ಅವನ್ನು ನೆನಪಿಡದೆ ಬರೀ ಸೊನ್ನೆ ಬರೆದರೆ, ಮೆಲ್ಲಗೆ ಆರುತ್ತಿರುವ ಸ್ವರ ಕೊನೆಗಳಿಗೆಯಲ್ಲಿ ಪಾತಾಳಕ್ಕೆ ಜಾರುತ್ತದೆ. ಉತ್ತರ ಕೊಡಲಾರದವರ ಜೊತೆ ಮಾತಾಡುವಾಗ ಹಿಂದಿನ ಮಾತಿನ ನೆನಪು ಪೂರ್ತಿ ನಮ್ಮ ಮೇಲಿನ ಹೊರೆ.

ಈ ಲೆಕ್ಕವೆಲ್ಲ ನನಗೆ ಮುಖ್ಯವಾಗಿ ಕಂಡದ್ದು ನಮ್ಮ ಕಾಲೇಜುಗಳ ವೈವಾ ಕೋಣೆಗಳಿಂದ. ಹತ್ತನೇ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯ ಮುಂದೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬೀಳುತ್ತದೆ. ಆಮೇಲೆ ಮೂರು ನಾಲ್ಕು ಸೆಕೆಂಡಿನ ಮೌನ. ಪರೀಕ್ಷಕರು 'ಓಕೆ, ನೆಕ್ಸ್ಟ್' ಎನ್ನುತ್ತಾರೆ. ಆ ಮೌನದಲ್ಲಿ ಏನಾಗುತ್ತಿತ್ತು? ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವುದು, ಗೊತ್ತಿರುವುದನ್ನು ಕನ್ನಡದಲ್ಲಿ ಹುಡುಕುವುದು, ಅದನ್ನು ಇಂಗ್ಲಿಷಿಗೆ ತಿರುಗಿಸುವುದು, ವ್ಯಾಕರಣ ತಪ್ಪಿದರೆ ನಗುತ್ತಾರೋ ಎಂದು ನೋಡಿಕೊಳ್ಳುವುದು. ಒಂದೇ ಯಂತ್ರ ಸರದಿಯ ಮೇಲೆ ನಾಲ್ಕು ಕೆಲಸ ನೋಡುತ್ತಿತ್ತು. ಅದು ನಿಧಾನವಲ್ಲ, ಹೆಚ್ಚು ಕೆಲಸ. ಆ ಮೌನಕ್ಕೆ 'ನಾನು ಕೆಲಸದಲ್ಲಿದ್ದೇನೆ' ಎಂದು ತೋರಿಸುವ ಬಿಟ್ ಇಲ್ಲ. ಹೊರಗಿನಿಂದ ಅದು ಅಜ್ಞಾನದ ಹಾಗೆಯೇ ಕಾಣುತ್ತದೆ. ಹಾಳೆಯ ಮೇಲೆ ಬೀಳುವ ಅಂಕ 'ಇಲ್ಲಿ ಯಾರೂ ಇಲ್ಲ' ಎನ್ನುತ್ತದೆ.

ಪರೀಕ್ಷಕರನ್ನು ಕೇಳಿದರೆ 'ಸಾಕಷ್ಟು ಸಮಯ ಕೊಟ್ಟೆ' ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಉತ್ತರ ಗೊತ್ತಿರುವ, ಇಂಗ್ಲಿಷಿನಲ್ಲೇ ಯೋಚಿಸುವ, ಇಪ್ಪತ್ತು ವರ್ಷ ಅದೇ ಪ್ರಶ್ನೆ ಕೇಳಿರುವ ಒಬ್ಬರ ಎಣಿಕೆಯಲ್ಲಿ ನಾಲ್ಕು ಸೆಕೆಂಡ್ ನಿಜಕ್ಕೂ ದೀರ್ಘ. ಪ್ರತಿ ವರ್ಷದ ಅನುಭವದೊಂದಿಗೆ ಅವರ ಪ್ರೊಸೆಸರ್ ವೇಗವಾಗುತ್ತಿದೆ, ಲೂಪಿನ ಎಣಿಕೆ ಮಾತ್ರ ಹಳೆಯದು.

ಇದಕ್ಕೆ 'ಮೇಷ್ಟ್ರುಗಳು ಇನ್ನೂ ತಾಳ್ಮೆ ಕಲಿಯಬೇಕು' ಎಂದರೆ ಅದು ಮತ್ತೆ ಎಣಿಕೆ ಹೆಚ್ಚಿಸಿ ಎಂದ ಹಾಗೆ. ನಾನು ಕಂಡ ಒಬ್ಬ ಅಧ್ಯಾಪಕಿ ಬೇರೆ ಮಾಡುತ್ತಾರೆ. ಪ್ರಶ್ನೆ ಕೇಳಿದ ಮೇಲೆ 'ನಾನು ಏನು ಕೇಳಿದೆ, ನಿನ್ನ ಮಾತಿನಲ್ಲಿ ಹೇಳು ನೋಡೋಣ' ಎನ್ನುತ್ತಾರೆ, ಯಾವ ಭಾಷೆಯಲ್ಲಾದರೂ. ವಿದ್ಯಾರ್ಥಿ ಪ್ರಶ್ನೆಯನ್ನು ಕನ್ನಡದಲ್ಲಿ ತಿರುಗಿ ಹೇಳುತ್ತಾನೆ. ಅದಕ್ಕೆ ಅಂಕವಿಲ್ಲ, ಆ ಮಾತನ್ನು ಯಾರೂ ಬರೆದುಕೊಳ್ಳುವುದಿಲ್ಲ. ಓದಿ ಎಸೆದ ಬೈಟಿನ ಹಾಗೆ. ಆದರೆ ಪ್ರಶ್ನೆ ಒಂದು ಸಲ ಆಚೆ ಹೋಗಿ ಈಚೆ ಬಂದಿದೆ, ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಳೆದಿದೆ. ಕಾಯುವಿಕೆ ಅಧ್ಯಾಪಕಿಯ ಒಳ್ಳೆಯ ಮನಸ್ಸಿನ ಮೇಲೆ ನಿಂತಿಲ್ಲ. ಅವರು ಸುಸ್ತಾದ ದಿನವೂ, ನಲವತ್ತನೆಯ ವಿದ್ಯಾರ್ಥಿಗೂ ಅದು ಅಷ್ಟೇ ಉದ್ದ ಇರುತ್ತದೆ.

ಈ ವಿಧಾನವೂ ಪೂರ್ತಿ ನಿರ್ದೋಷವಲ್ಲ. 35 ಎಂಬುದು ದಾರಿಯ ವೇಗ ಇಷ್ಟೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಸಂಖ್ಯೆ. ಬಸ್ಸನ್ನೇ ಯಾರಾದರೂ ಹೆಚ್ಚು ವೇಗದಲ್ಲಿ ಓಡಿಸಿದರೆ 35 ಕೂಡ ಸಾಲದು. ಹಂಚಿಕೊಂಡ ದಾರಿಯನ್ನು ಬಲವಿದ್ದವರು ಬದಲಾಯಿಸಬಲ್ಲರು, ಹಾಗಾಗಿ ದಾರಿಯ ಮೇಲೂ ಒಂದು ಕಣ್ಣಿರಬೇಕು. ಆದರೂ ನನ್ನ ವೇಗ ನನಗೆ ತಿಳಿಯದಂತೆ ಬದಲಾಗುವುದಕ್ಕೂ ಎಲ್ಲರ ದಾರಿ ಎಲ್ಲರ ಕಣ್ಣೆದುರು ಬದಲಾಗುವುದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಯಾರಾದರೂ ಪ್ರಶ್ನಿಸಬಹುದು.

ಇಂದು ಈ ಕಾರ್ಡು ಬಹುಪಾಲು ಬದುಕಿರುವುದು ಡಾಸ್‌ಬಾಕ್ಸ್‌ನಂಥ ಎಮ್ಯುಲೇಟರುಗಳಲ್ಲಿ, ಅಂದರೆ ಚಿಪ್ಪಿನ ನಡವಳಿಕೆಯನ್ನು ಅನುಕರಿಸುವ ಸಾಫ್ಟ್‌ವೇರಿನಲ್ಲಿ. ಅಲ್ಲಿ ಸಾಮಾನ್ಯವಾಗಿ ಮಾತು ಬಿದ್ದ ಕೂಡಲೇ ಸ್ವೀಕಾರವಾಗುತ್ತದೆ, ಯಾರೂ ಕಾಯಬೇಕಿಲ್ಲ. ಹಳೆಯ ಆಟಗಳು ಮಾತ್ರ ಇನ್ನೂ 35 ಸಲ ಓದಿ ಎಸೆಯುತ್ತಲೇ ಇವೆ. ಇದೇ ಎಮ್ಯುಲೇಟರಿನಲ್ಲಿ ಇಂದು ಹೊಸ ಕೋಡ್ ಬರೆದು ಪರೀಕ್ಷಿಸುವವರು ಆ ಓದುಗಳನ್ನು ದಂಡವೆಂದು ಕಿತ್ತುಹಾಕಿದರೂ ಎಲ್ಲವೂ ಸರಿಯಾಗಿಯೇ ಕೇಳುತ್ತದೆ. ನಿಜವಾದ ಕಾರ್ಡಿನ ಮೇಲೆ ಅದನ್ನು ಓಡಿಸಿದ ದಿನ ಸ್ವರಗಳು ಉದುರತೊಡಗುತ್ತವೆ. ನಿಧಾನದವರು ಎದುರಿಗೇ ಇಲ್ಲದ ಜಗತ್ತಿನಲ್ಲಿ ಕಲಿತವರಿಗೆ ಕಾಯುವುದು ಅರ್ಥವಿಲ್ಲದ ಹಳೆಯ ಆಚಾರದಂತೆ ಕಾಣುವುದು ಸಹಜ. ಒಂದೇ ಮಾಧ್ಯಮ, ಒಂದೇ ಬಗೆಯ ಮನೆಗಳಿಂದ ಬಂದವರ ತರಗತಿಗಳಲ್ಲಿ ಕಲಿತು ಕಲಿಸಿದವರಿಗೂ ಹಾಗೆಯೇ ಕಾಣುತ್ತಿರಬಹುದು.

ತಾಳ್ಮೆಯನ್ನು ನಾವು ಸ್ವಭಾವವೆಂದು ಹೊಗಳುತ್ತೇವೆ, ಕೆಲವರಿಗಿದೆ ಕೆಲವರಿಗಿಲ್ಲ ಎನ್ನುತ್ತೇವೆ. ಈ ಪುಟ್ಟ ಕೋಡಿನ ತುಣುಕು ಅದನ್ನು ಒಂದು ಏರ್ಪಾಡಾಗಿ ತೋರಿಸುತ್ತದೆ. ನನಗಿಂತ ಹೊರಗೆ, ನನ್ನ ಶಕ್ತಿ ಹೆಚ್ಚಾದರೂ ಕುಗ್ಗದ ಜಾಗದಲ್ಲಿ ಕಟ್ಟಿಡಬೇಕಾದದ್ದು. ಆಫೀಸಿನ ಕಿಟಕಿಯಲ್ಲಿ ಅರ್ಜಿ ಹಿಡಿದು ನಿಂತ ಮುದುಕರಿಗೆ, ವೈವಾ ಕೋಣೆಯ ಹುಡುಗನಿಗೆ, ಮಾತು ತಡವರಿಸುವ ಗೆಳೆಯನಿಗೆ 'ಇಷ್ಟು ಹೊತ್ತು ಕಾದೆನಲ್ಲ' ಎನ್ನುವ ಮೊದಲು ಆ ಹೊತ್ತನ್ನು ಅಳೆದದ್ದು ಯಾವುದು ಎಂದು ನೋಡಿಕೊಳ್ಳಬಹುದು. ಅದು ನನ್ನೊಳಗೇ ಸುತ್ತುತ್ತಿದ್ದ ಲೂಪೋ, ಅಥವಾ ಅವರ ತನಕ ಹೋಗಿ ಬಂದ ದಾರಿಯೋ?